ಬೀಗರ ಮನೆಯ ಕೋವಿ

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿ ರಬ್ಬರ್ ಹಾಸಿನ ಮೇಲೆ ಸಾಲಾಗಿ ನಿಲ್ಲಿಸಿದ ನಾಲ್ಕು ತೋಟೆಗಳ ಫೋಟೊ ಇದೆ. ನೋಡಿದವರು ‘ಇದೇನು, ಲಿಪ್‌ಸ್ಟಿಕ್ಕೇ?’ ಎಂದು ಕೇಳುತ್ತಾರೆ. ಅಲ್ಲ, ಕೋವಿಗೆ ಹಾಕುವ ತೋಟೆಗಳು, ನನ್ನ ಮೊಮ್ಮಗಳಿಗೆ ಯಾವುದು ಸರಿಹೋಗುತ್ತದೆಂದು ನೋಡಲು ಇಟ್ಟಿದ್ದು ಎಂದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಒಬ್ಬೊಬ್ಬರಿಗೆ ವಿವರಿಸಿ ಸಾಕಾಗಿ, ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನಾನು ಮೈಸೂರಿನ ಮಹಿಳಾ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿದವಳು. ಜೊತೆಗೆ ಇಪ್ಪತ್ತೆರಡು ವರ್ಷ ಅಲ್ಲಿನ ಎನ್‌ಸಿಸಿ ನೋಡಿಕೊಂಡೆ. ಹುಡುಗಿಯರನ್ನು ನೆಲದ ಮೇಲೆ ಮಲಗಿಸಿ ಪಾಯಿಂಟ್ ಟೂ ಟೂ ರೈಫಲ್ ಹಿಡಿಯುವುದು ಹೇಗೆ, ಉಸಿರು ಬಿಗಿಹಿಡಿಯುವುದು ಯಾವಾಗ ಎಂದೆಲ್ಲ ಕಲಿಸಿದ್ದೇನೆ. ಏನು ಹೇಳಿದರೂ ‘ಯೆಸ್ ಮ್ಯಾಮ್’ ಅನ್ನುತ್ತಿದ್ದರು. ಬೆನ್ನ ಹಿಂದೆ ಅವರು ನನಗಿಟ್ಟಿದ್ದ ಹೆಸರೂ ಗೊತ್ತು, ಅದನ್ನಿಲ್ಲಿ ಬರೆಯುವುದಿಲ್ಲ.

ರಾಕ್‌ವಿಲ್

ನನ್ನ ಮಗಳು ಚೈತ್ರ ರಾಕ್‌ವಿಲ್‌ನಲ್ಲಿ ಔಷಧಿ ಸಂಶೋಧನೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಅಟ್ಲಾಂಟಾದಲ್ಲಿ ಓದುವಾಗ ಜೊತೆಯಲ್ಲಿದ್ದ ಬ್ರಯನ್‌ನನ್ನು ಮದುವೆಯಾದಳು. ಅವನು ದಕ್ಷಿಣ ಕ್ಯಾರೊಲಿನಾದ ಹಳ್ಳಿಯವನು, ಒಳ್ಳೆಯ ಹುಡುಗ, ರಸಂ ಅನ್ನದಲ್ಲಿ ಯಾವ ತಕರಾರೂ ಇಲ್ಲ. ಅವರಿಗೆ ಒಬ್ಬಳೇ ಮಗಳು, ಮೀರಾ. ಕೋವಿಡ್ಡಿನ ಗಲಾಟೆಯೆಲ್ಲ ಮುಗಿದು ನಾನು ಅಲ್ಲಿಗೆ ಹೋದಾಗ ಅವಳಿಗೆ ಹನ್ನೆರಡು ತುಂಬಿತ್ತು.

ಬ್ರಯನ್ ಮನೆತನದಲ್ಲಿ ಹನ್ನೆರಡು ತುಂಬುವುದೆಂದರೆ ನಮ್ಮಲ್ಲಿ ಉಪನಯನ ಇದ್ದ ಹಾಗೆ. ಆ ವರ್ಷದ ಶರತ್ಕಾಲದಲ್ಲಿ ಮಗು ಅಜ್ಜನ ಜೊತೆ ಹೋಗಿ ಮೊದಲ ಜಿಂಕೆ ಹೊಡೆಯಬೇಕು, ಅದೂ ಮುತ್ತಜ್ಜನ ಕಾಲದ ಒಂದೇ ಕೋವಿಯಿಂದ. ಮೀರಾಳ ಮೂವರು ಅಣ್ಣಂದಿರು, ಅಂದರೆ ದೊಡ್ಡಪ್ಪನ ಮಕ್ಕಳು, ಅದೇ ಕೋವಿಯಿಂದ ಹೊಡೆದಿದ್ದಾರೆ. ಅವರ ಫೋಟೊಗಳು ಚೈತ್ರಳ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿದ್ದವು. ಬರುವ ಶನಿವಾರ ಮೀರಾಳ ಸರದಿ.

ನಾನು ಮಾಂಸ ತಿನ್ನುವವಳಲ್ಲ. ಇದೆಲ್ಲ ಸರಿಯೇ ಎಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಚೈತ್ರಳಂತೂ ತನ್ನ ಗುಲಾಬಿ ಗಿಡಗಳನ್ನು ಬುಡದವರೆಗೆ ಮೇಯುವ ಜಿಂಕೆಗಳನ್ನು, ನಾವು ಇಲ್ಲಿ ಕೋತಿಗಳಿಗೆ ಬಯ್ಯುವಂತೆ ದಿನಾ ಬಯ್ಯುತ್ತಿದ್ದಳು.

ಬುಧವಾರ ಮೀರಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅಂಗಿಯ ಕೊರಳು ಜಾರಿದಾಗ ಬಲಭುಜದ ಮೇಲೆ ಅಂಗೈಯಗಲದ ಕಲೆ ಕಂಡಿತು. ನಡುವೆ ನೇರಳೆ, ಸುತ್ತ ಹಳದಿ.

“ಇದೇನೇ ಇದು?”

“ನಥಿಂಗ್, ಅಜ್ಜಿ.”

“ನಥಿಂಗ್‌ಗೆ ಇಷ್ಟೊಂದು ಬಣ್ಣ ಇರಲ್ಲ. ಹೇಳು.”

“ಗ್ರ್ಯಾನ್‌ಡ್ಯಾಡಿ ಗನ್. ಲಾಸ್ಟ್ ವೀಕೆಂಡ್ ಡ್ಯಾಡಿ ಜೊತೆ ಅಲ್ಲಿಗೆ ಹೋದಾಗ ಪ್ರಾಕ್ಟೀಸ್ ಮಾಡಿದ್ವಿ. ಇಟ್ ಕಿಕ್ಸ್, ಅಜ್ಜಿ. ತುಂಬಾ.”

“ನೋವಾಯ್ತು ಅಂತ ಅವರಿಗೆ ಹೇಳ್ಲಿಲ್ವಾ?”

“ನೋ. ಬಾಯ್ಸ್ ಯಾರೂ ಹೇಳ್ಲಿಲ್ಲ. ನಾನ್ ಒಬ್ಳೇ ಹೇಳ್ಲಾ?” ಎಂದು ಅಂಗಿ ಸರಿಮಾಡಿಕೊಂಡಳು. “ಮಮ್ಮಿಗೆ ಹೇಳ್ಬೇಡ. ಪ್ರಾಮಿಸ್?”

“ನಿಂಗೆ ಇಷ್ಟ ಇಲ್ದೇ ಇದ್ರೆ ಹೋಗ್ಬೇಡ.”

“ಇಷ್ಟ ಇದೆ. ಗ್ರ್ಯಾನ್‌ಡ್ಯಾಡಿ ಜೊತೆ ಹೋಗ್ಬೇಕು. ಆದ್ರೆ ನಾನ್ ಸರಿಯಾಗಿ ಹೊಡೀದೆ, ಅದು ಹರ್ಟ್ ಆಗಿ ಓಡೋದ್ರೆ? ಕಾಡಲ್ಲಿ ಎಲ್ಲೋ ಹೋಗಿ ಸತ್ರೆ?”

ಅವಳ ಭಯ ಭುಜದ್ದಲ್ಲವೆಂದು ಆಗ ತಿಳಿಯಿತು. ನಾನು ಪ್ರಾಮಿಸ್ ಮಾಡಿದೆ. ಅದು ನನ್ನ ಮೊದಲ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು.

ದಕ್ಷಿಣಕ್ಕೆ ಹೋಗುವ ಹೆದ್ದಾರಿ

ಮೀರಾಳಿಗೆ ಸ್ಕೂಲಿಗೆ ಎರಡು ದಿನ ರಜೆ ಹಾಕಿಸಿ ಗುರುವಾರ ಬೆಳಕು ಹರಿಯುವ ಮೊದಲೇ ಹೊರಟೆವು. ವರ್ಜೀನಿಯಾ ದಾಟುವವರೆಗೆ ಚೈತ್ರ ನನಗೆ ಕಟ್ಟುಪಾಡುಗಳ ಪಟ್ಟಿ ಹೇಳಿದಳು.

“ಅಮ್ಮಾ, ನೀನು ಗನ್ ಮುಟ್ಲೇಬೇಡ. ಬುಲೆಟ್ಟೂ ಮುಟ್ಬೇಡ. ನೀನಿರೋದು ವಿಸಿಟರ್ ವೀಸಾದಲ್ಲಿ, ನಿಂಗೆ ರೂಲ್ಸ್ ಬೇರೆ. ಸುಮ್ನೆ ಚೇರ್ ಹಾಕ್ಕೊಂಡು ನೋಡು, ಅಷ್ಟೇ.”

“ಬಾಯಿಗೂ ವೀಸಾ ಬೇಕಾ?”

“ಬಾಯಿಗೆ ಬೇಡ. ಆದ್ರೆ ಅವ್ರು ನಿನ್ನ ಕೆಡೆಟ್ ಅಲ್ಲ, ಅದು ನೆನಪಿರ್ಲಿ.”

ಅವಳು ಹೇಳಬೇಕಾಗಿರಲಿಲ್ಲ. ಹೋಗುತ್ತಿದ್ದುದು ಬೀಗರ ಮನೆಗೆ. ನಾನು ಮದುವೆಯಾದ ಹೊಸದರಲ್ಲಿ ನಮ್ಮಪ್ಪ ನನ್ನ ಅತ್ತೆಮನೆಗೆ ಬಂದಾಗ, ಯಾರೋ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿಬಿಟ್ಟಿದ್ದರು. ಅಪ್ಪ ಮುಖ ಕಿವುಚದೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, ಕಾಫಿ ಚೆನ್ನಾಗಿತ್ತು ಎಂದರು. ಹೆಣ್ಣಿನ ಕಡೆಯವರು ಬೀಗರ ಮನೆಯಲ್ಲಿ ಕುಂದು ಎಣಿಸಬಾರದು. ಮಾರ್ಚ್ ಪಾಸ್ಟ್‌ನಲ್ಲಿ ಒಂದು ಹೆಜ್ಜೆ ತಪ್ಪಿದರೂ ಮೈದಾನ ನಡುಗುವಂತೆ ಕೂಗುತ್ತಿದ್ದ ನಾನು ಕೂಡ ಆ ಒಂದು ವಿಷಯದಲ್ಲಿ ಅಪ್ಪನ ಮಗಳೇ.

ಉತ್ತರ ಕ್ಯಾರೊಲಿನಾದಲ್ಲಿ ಪೆಟ್ರೋಲ್ ಹಾಕಿಸುವಾಗ ಶೌಚಾಲಯದ ಕೀ ಕೇಳಿದೆ. ಅದಕ್ಕೊಂದು ಗೇಣುದ್ದದ ಜಿಂಕೆಕೊಂಬು ಕಟ್ಟಿದ್ದರು, ಯಾರೂ ಮರೆತು ಒಯ್ಯಬಾರದೆಂದು. ನಾನು ಅದನ್ನೂ ಮರೆತು ಚೀಲಕ್ಕೆ ಹಾಕಿಕೊಂಡು ಬಂದಿದ್ದು ಇಪ್ಪತ್ತು ಮೈಲಿ ಆದಮೇಲೆ ಗೊತ್ತಾಯಿತು. ಬ್ರಯನ್ ಒಂದು ಮಾತೂ ಆಡದೆ ಕಾರು ತಿರುಗಿಸಿದ. ಅಳಿಯನಿಗೂ ಬೀಗರ ಮರ್ಯಾದೆ ಹೇಗೋ ಗೊತ್ತಿದೆ ಎಂದುಕೊಂಡೆ.

ಕ್ಯಾರೊಲಿನಾ, ಗುರುವಾರ ಮಧ್ಯಾಹ್ನ

ಬ್ರಯನ್ನನ ತಂದೆ ವಾಲ್ಟರ್ ಎಪ್ಪತ್ತೆರಡು ವರ್ಷದವರು. ಎತ್ತರದ ಆಳು, ಮಾತು ಬಹಳ ನಿಧಾನ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನನ್ನನ್ನು ‘ಮಿಸ್ ವಿಮಲಾ’ ಎಂದು ಕರೆಯುತ್ತಾರೆ. ಅರವತ್ತೇಳರ ವಿಧವೆಗೆ ಇದು ಸ್ವಲ್ಪ ವಿಚಿತ್ರವೆನಿಸಿತು, ಆದರೆ ಆ ಕಡೆ ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರಂತೆ. ರಾಕ್‌ವಿಲ್‌ನಲ್ಲಿ ಕರೆದರೆ ‘ವಾಟ್?’ ಎನ್ನುವ ಮೀರಾ ಇಲ್ಲಿ ಬಂದೊಡನೆ ‘ಯೆಸ್ ಸರ್’ ಎನ್ನತೊಡಗಿದಳು. ನನಗೆ ಊರು ಹಿಡಿಸಿತು.

ಅವರು ನಮಗಾಗಿ ಗ್ರಿಟ್ಸ್ ಮಾಡಿಟ್ಟಿದ್ದರು. ಮೆಕ್ಕೆಜೋಳದ ರವೆ ಬೇಯಿಸಿ ಬೆಣ್ಣೆ ಹಾಕಿದ್ದು, ಒಗ್ಗರಣೆ ಮರೆತ ಉಪ್ಪಿಟ್ಟಿನ ಹಾಗೆ. ಬಹಳ ಚೆನ್ನಾಗಿದೆ ಎಂದೆ.

ಊಟದ ಮೇಲೆ ಕೋವಿ ಬಂತು. ಆಯುಧಪೂಜೆಗೆ ಒರೆಸಿಟ್ಟ ಹಾಗೆ ಮರ ಮಿರಮಿರ ಮಿಂಚುತ್ತಿತ್ತು. ಅದರ ತೋಟೆಗೆ ‘ತರ್ಟಿ ಆಟ್ ಸಿಕ್ಸ್’ ಎಂದು ಹೆಸರು. ಮೇಜಿನ ಮೇಲೆ ಒಂದನ್ನು ನಿಲ್ಲಿಸಿದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ. ನನ್ನ ನಡುಬೆರಳಿಗಿಂತ ಉದ್ದವಿತ್ತು. ತರಬೇತಿಯ ಕಾಲದಲ್ಲಿ ನಾವು ತ್ರೀನಾಟ್‌ತ್ರೀ ಹೊಡೆಯುವಾಗ ಅಂಗಿಯೊಳಗೆ ಟವೆಲ್ ಮಡಿಸಿಟ್ಟುಕೊಳ್ಳುತ್ತಿದ್ದೆವು, ಇದು ಅದಕ್ಕಿಂತಲೂ ಜೋರು. ಮೀರಾ ಮೂವತ್ತೆಂಟು ಕೆಜಿಯ ಹುಡುಗಿ.

ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿ. ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಂಡೆವು. ಬೆಂಚಿನ ಮೇಲೆ ಮರಳಿನ ಚೀಲ, ಅದರ ಮೇಲೆ ಕೋವಿ. ನಾನು ಪಕ್ಕದಲ್ಲಿ ಚೇರ್ ಹಾಕಿಕೊಂಡು ಕೂತೆ.

ಮೊದಲ ಗುಂಡಿಗೇ ಎಲ್ಲ ಕಂಡಿತು. ಭುಜಕ್ಕೆ ಒತ್ತಿಕೊಳ್ಳುವ ಕೋವಿಯ ಬುಡ ಅವಳ ತೋಳಿಗೆ ಉದ್ದವಾಗಿತ್ತು, ಮೇಲೆ ಕೂರಿಸಿದ ದುರ್ಬೀನಿಗೆ ಕಣ್ಣು ಸಿಗಲೆಂದು ಕತ್ತನ್ನು ಮುಂದೆ ಚಾಚುತ್ತಿದ್ದಳು. ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಿದ್ದಳು. ಒದೆತ ಬರುವ ಮೊದಲೇ ಭುಜ ಅದನ್ನು ತಡೆಯಲು ಮುಂದಕ್ಕೆ ನುಗ್ಗುತ್ತಿತ್ತು. ಇದನ್ನು ನಾನು ನೂರಾರು ಹುಡುಗಿಯರಲ್ಲಿ ನೋಡಿದ್ದೇನೆ. ನೋಡಿದ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಅಭ್ಯಾಸವಾಗಿ ಕೂರುತ್ತದೆ. ಎರಡನೆಯ ಗುಂಡು ಕಾಗದವನ್ನೇ ಮುಟ್ಟಲಿಲ್ಲ. ಮೂರನೆಯದು ಮೂಲೆಗೆ ತಾಗಿತು.

ಬ್ರಯನ್ ನನ್ನ ಕಡೆ ತಿರುಗಿ, “ಅಮ್ಮಾ, ಯು ಆರ್ ದಿ ಎಕ್ಸ್‌ಪರ್ಟ್. ಹೇಗಿದೆ?” ಎಂದ. ‘ಹೇಗಿದೆ’ ಎಂಬುದು ಅವನಿಗೆ ಬರುವ ನಾಲ್ಕೈದು ಕನ್ನಡ ಮಾತುಗಳಲ್ಲಿ ಒಂದು.

ವಾಲ್ಟರ್ ನನ್ನನ್ನೇ ನೋಡುತ್ತಿದ್ದರು. ಅವರಪ್ಪನ ಕೋವಿ, ಅವರ ಮನೆ, ಅವರ ಪದ್ಧತಿ. ಮೀರಾ ತಿರುಗಿ ನೋಡಲಿಲ್ಲ.

“ಚೆನ್ನಾಗಿದೆ,” ಎಂದೆ.

ವಾಲ್ಟರ್‌ಗೆ ಖುಷಿಯಾಯಿತು. ಹಾಗಾದರೆ ಇನ್ನೆರಡು ಹೊಡೆಯಲಿ ಎಂದರು. ನಾಲ್ಕನೆಯ ಗುಂಡಿಗೆ ಕೋವಿ ಹಿಂದಕ್ಕೆ ಒದ್ದು ದುರ್ಬೀನಿನ ಅಂಚು ಅವಳ ಬಲಹುಬ್ಬನ್ನು ಸೀಳಿತು. ರಕ್ತ ಕಣ್ಣಿನೊಳಕ್ಕೆ ಇಳಿಯಿತು. ಹುಡುಗಿ ಅಳಲಿಲ್ಲ. ಎರಡೂ ಕೈ ಬೆಂಚಿನ ಮೇಲಿಟ್ಟು, “ಐ ಆಮ್ ಫೈನ್. ಸಾರಿ, ಸರ್,” ಎಂದಳು.

ಚೈತ್ರ ಓಡಿಬಂದಳು. ಗಾಯ ಆಳವಿರಲಿಲ್ಲ, ಪಟ್ಟಿ ಅಂಟಿಸುವುದರಲ್ಲೇ ಮುಗಿಯಿತು. ಆದರೆ ಆ ‘ಸಾರಿ, ಸರ್’ ಕೇಳಿ ನನಗೆ ನಾಚಿಕೆಯಾಯಿತು, ಅದನ್ನು ಬೇರೆ ಥರ ಹೇಳಲು ಬರುವುದಿಲ್ಲ.

ಅಡುಗೆಮನೆಯ ನೆಲ

ನಾಲ್ಕು ಗಂಟೆಯ ಕಾಫಿ ಹೊತ್ತಿಗೆ ವಾಲ್ಟರ್ ಬಹಳ ಮೃದುವಾಗಿ, “ನಾಳೆ ಮತ್ತೆ ನೋಡೋಣ, ಮೊದಮೊದಲು ಎಲ್ಲರಿಗೂ ಆಗುತ್ತೆ,” ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೀರಾ ‘ಯೆಸ್ ಸರ್’ ಎಂದಳು. ಅವಳ ಕಾಫಿಯಲ್ಲದ ಕಾಫಿ, ಅಂದರೆ ಹಾಲು, ಹಾಗೇ ತಣ್ಣಗಾಗುತ್ತಿತ್ತು.

ನಾನು ಪರ್ಸು ತೆಗೆದು ಒಂದು ರೂಪಾಯಿಯ ನಾಣ್ಯ ಹುಡುಕಿದೆ.

“ಕೋವಿ ಖಾಲಿ ಮಾಡಿ ತರಿಸಿ,” ಎಂದೆ ವಾಲ್ಟರ್‌ಗೆ. “ನಾನು ಮುಟ್ಟುವ ಹಾಗಿಲ್ಲ.”

“ಅಮ್ಮಾ,” ಎಂದಳು ಚೈತ್ರ, ಹಲ್ಲು ಕಚ್ಚಿ.

“ಸುಮ್ನಿರು, ಚೈತ್ರ.”

ಬ್ರಯನ್ ತಂದ. ಅವನು ಒಮ್ಮೆ, ವಾಲ್ಟರ್ ಒಮ್ಮೆ, ಮೀರಾ ಒಮ್ಮೆ ಒಳಗೆ ತೋಟೆ ಇಲ್ಲವೆಂದು ನೋಡಿದರು. ಮೀರಾಳನ್ನು ಅಡುಗೆಮನೆಯ ನೆಲದ ಮೇಲೆ ಬೋರಲು ಮಲಗಿಸಿದೆ, ಕೋವಿಯ ಮೂತಿ ಇಟ್ಟಿಗೆಯ ಒಲೆಗೂಡಿನ ಕಡೆಗೆ. ನಮ್ಮಲ್ಲಾದರೆ ನಾಣ್ಯವನ್ನು ನಳಿಗೆಯ ಮೇಲಿಡುತ್ತಿದ್ದೆವು. ಈ ನಳಿಗೆ ದುಂಡಗಿತ್ತು, ಹಾಗಾಗಿ ದುರ್ಬೀನಿನ ನೆತ್ತಿಯ ಚಪ್ಪಟೆ ಮುಚ್ಚಳದ ಮೇಲೆ ಬ್ರಯನ್ ಕೈಲಿ ಇಡಿಸಿದೆ.

“ನಾಣ್ಯ ಬೀಳದ ಹಾಗೆ ಟ್ರಿಗರ್ ಎಳಿ. ಗುಂಡಿಲ್ಲ, ಸದ್ದಿಲ್ಲ, ಒದೆತ ಇಲ್ಲ. ಬರೀ ಟಿಕ್ ಅನ್ನುತ್ತೆ.”

ಟಿಕ್ ಅಂದಿತು. ರೂಪಾಯಿ ನೆಲಕ್ಕೆ ಬಿದ್ದು ಫ್ರಿಜ್ಜಿನವರೆಗೂ ಉರುಳಿತು. ಎರಡನೆಯ ಸಲವೂ ಬಿತ್ತು. ಮೀರಾ ತಲೆ ತಗ್ಗಿಸಿದಳು.

“ಇದು ಹೆದರಿಕೆ ಅಲ್ಲ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಒದೆತವನ್ನು ಮೈ ನೆನಪಿಟ್ಟುಕೊಂಡಿದೆ. ಹೀಗೆ ಹೊಡೆದರೆ ಶನಿವಾರ ಗುಂಡು ಜಿಂಕೆಯ ಕಾಲಿಗೋ ಹೊಟ್ಟೆಗೋ ಬೀಳುತ್ತೆ. ಅವಳಿಗೆ ಇರೋ ಭಯ ಅದೊಂದೇ. ಇದನ್ನು ನಾನು ಮಧ್ಯಾಹ್ನವೇ ನೋಡಿದೆ. ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ.”

ಬೀಗರ ಮನೆಯಲ್ಲಿ ನಾನು ಕಾಫಿ ಲೋಟ ಕೆಳಗಿಟ್ಟು ಇದು ಉಪ್ಪು ಎಂದಂತಾಗಿತ್ತು. ವಾಲ್ಟರ್ ಕೈಯಲ್ಲಿದ್ದ ಕಪ್ಪನ್ನು ತೊಳೆಯುವ ತೊಟ್ಟಿಯಲ್ಲಿಟ್ಟರು. ಎದ್ದು ಹೊರಗೆ ಹೋಗಿಬಿಡುತ್ತಾರೇನೋ ಎಂದು ನೋಡಿದೆ. ಅವರು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಮಲಗಿದರು.

“ನಂಗೂ ಇಡು,” ಎಂದರು ಮಗನಿಗೆ.

ಟಿಕ್. ರೂಪಾಯಿ ಬಿತ್ತು. ಮತ್ತೊಮ್ಮೆ ಎಂದರು. ಮತ್ತೆ ಬಿತ್ತು. ಮೂರನೆಯ ಸಲ ಕೇಳಲಿಲ್ಲ, ನಾಣ್ಯ ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತರು.

“ನನಗೆ ಹನ್ನೆರಡಾದಾಗ ನಮ್ಮಪ್ಪ ಹೇಳಿದ್ದು ಒಂದೇ ಮಾತು, ಅಳಬೇಡ ಅಂತ,” ಎಂದರು. “ಅತ್ತಿಲ್ಲ. ಆದರೆ ಆ ಸಲ ನಾನು ಹೊಡೆದದ್ದನ್ನು ಎರಡು ದಿನ ಹುಡುಕಿದೆವು.” ಆಮೇಲೆ ಮೀರಾಳ ಹುಬ್ಬಿನ ಪಟ್ಟಿ ನೋಡಿದರು. “ಮಿಸ್ ವಿಮಲಾ, ನಿಮ್ಮ ಹುಡುಗಿಯರಿಗೆ ಯಾವುದರಿಂದ ಶುರು ಮಾಡಿಸ್ತಿದ್ರಿ?”

ಅಂಗಡಿ, ಶುಕ್ರವಾರ

ಹತ್ತಿರದ ಪೇಟೆಯಲ್ಲಿ ಗೊಬ್ಬರ, ಬೂಟು, ಮೀನಿನ ಗಾಳ, ಕೋವಿ ಎಲ್ಲ ಒಂದೇ ಸೂರಿನಡಿ ಮಾರುವ ಅಂಗಡಿ. ಕೋವಿಯ ಕಡೆ ನೋಡಿಕೊಳ್ಳುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಸೀರೆ ಅಂಗಡಿಯಲ್ಲಿ ಮದುವೆ ಹುಡುಗಿಯನ್ನು ಬಿಟ್ಟು ಅತ್ತೆಯನ್ನೇ ಕೇಳುತ್ತಾರಲ್ಲ, ಈಕೆ ಹಾಗೆ ಮಾಡಲಿಲ್ಲ. ವಾಲ್ಟರ್ ಬಾಯಿ ತೆರೆಯುವ ಮೊದಲೇ ಮೀರಾಳನ್ನು ಕೇಳಿದಳು: ತೂಕವೆಷ್ಟು, ಏನು ಹೊಡೆಯಬೇಕು, ಎಷ್ಟು ದೂರದಿಂದ, ಹುಬ್ಬಿಗೆ ಏನಾಯಿತು.

ಆಮೇಲೆ ರಬ್ಬರ್ ಹಾಸಿನ ಮೇಲೆ ನಾಲ್ಕು ತೋಟೆ ನಿಲ್ಲಿಸಿದಳು. ನಾನು ಫೋಟೊ ತೆಗೆದದ್ದು ಆಗಲೇ. ಒಂದು ತುದಿಯಲ್ಲಿ ನಮ್ಮ ತರ್ಟಿ ಆಟ್ ಸಿಕ್ಸ್. ಇನ್ನೊಂದು ತುದಿಯಲ್ಲಿ ‘ಟೂ ಟ್ವೆಂಟಿ ತ್ರೀ’ ಎಂಬ ಚಿಕ್ಕದು. ಒದೆತವೇನೋ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಜಿಂಕೆಗೆ ಅದು ಸಾಲದೆ ಹೋಗಬಹುದು ಎಂದು ಅದನ್ನು ಬದಿಗೆ ಸರಿಸಿದಳು. ನಡುವೆ ಎರಡು ಉಳಿದವು: ‘ಟೂ ಫಾರ್ಟಿ ತ್ರೀ’, ಮತ್ತೆ ಏಳು ಮಿಲಿಮೀಟರಿನದೊಂದು. ಏಳು ಮಿಲಿಮೀಟರಿನದು ಇನ್ನೂ ದೊಡ್ಡ ಪ್ರಾಣಿಗೂ ಆಗುತ್ತದೆ, ಒದೆತವೂ ತುಸು ಹೆಚ್ಚು. ಟೂ ಫಾರ್ಟಿ ತ್ರೀ ಮೆತ್ತಗೆ, ನೂರು ಗಜದೊಳಗೆ ಜಿಂಕೆಗೆ ಧಾರಾಳ ಸಾಕು, ಆದರೆ ಸರಿಯಾದ ಜಾಗಕ್ಕೇ ಇಡಬೇಕು.

ವಾಲ್ಟರ್ ಕೊನೆಯ ಸಲ ಕೇಳಿ ನೋಡಿದರು. ಹಳೆಯ ಕೋವಿಗೇ ಮದ್ದು ಕಡಿಮೆ ತುಂಬಿದ ತೋಟೆ ಸಿಗುತ್ತದಲ್ಲ? ಸಿಗುತ್ತದೆ ಎಂದಳು ಆಕೆ. ಆದರೆ ಕೋವಿಯ ಬುಡ ಮಗುವಿನ ತೋಳಿಗೆ ಉದ್ದ, ಹುಬ್ಬು ಮತ್ತೆ ಒಡೆಯುತ್ತದೆ, ಅಪ್ಪನ ಕೋವಿಯ ಮರ ಕೊಯ್ಯಲು ನೀವು ತಯಾರಿದ್ದೀರಾ? ವಾಲ್ಟರ್ ತಯಾರಿರಲಿಲ್ಲ.

ಹಾಗಾದರೆ ಮಕ್ಕಳಿಗೆಂದೇ ಮಾಡಿದ, ಎಲ್ಲಕ್ಕಿಂತ ಹಗುರದ ಕೋವಿ ಕೊಡಿ ಎಂದು ನಾನು ಬಾಯಿ ಹಾಕಿದೆ. ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಹಗುರವಾದಷ್ಟೂ ಹೆಚ್ಚು ಒದೆಯುತ್ತದೆ ಮ್ಯಾಮ್, ಅದೇ ತೋಟೆ, ಅದೇ ಬಲ, ತಡೆಯಲು ತೂಕ ಬೇಡವೇ ಎಂದಳು. ನನಗೆ ಗೊತ್ತಿರಬೇಕಾಗಿದ್ದ ವಿಷಯ. ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು ಅಂಗಡಿಯ ಹೆಂಗಸಿನಿಂದ ಹೇಳಿಸಿಕೊಂಡು ತೆಪ್ಪಗಾದೆ. ಬುಡ ಗಿಡ್ಡದಾದ, ಮೈ ತುಸು ಭಾರದ, ಹಿಂದೆ ದಪ್ಪ ರಬ್ಬರ್ ಇರುವ ಹಳೆಯ ಟೂ ಫಾರ್ಟಿ ತ್ರೀ ಒಂದನ್ನು ಆರಿಸಿದರು.

“ಯಾವುದು ಬೇಕು ನಿಂಗೆ?” ಎಂದು ವಾಲ್ಟರ್ ಮೊಮ್ಮಗಳನ್ನು ಕೇಳಿದರು.

“ದಿಸ್ ಒನ್, ಸರ್.” ಸ್ವಲ್ಪ ತಡೆದು, “ಆ ಹಳೇದ್ರಿಂದ ನೋವಾಗ್ತಿತ್ತು,” ಎಂದು ಇಂಗ್ಲಿಷಿನಲ್ಲಿ ಸೇರಿಸಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಆ ಮಧ್ಯಾಹ್ನ ನಾಣ್ಯ ಹತ್ತರಲ್ಲಿ ಎಂಟು ಸಲ ನಿಂತಿತು. ಕಾಗದದ ಮೇಲೆ ಬಿದ್ದ ಐದು ಗುಂಡುಗಳನ್ನು ನನ್ನ ಅಂಗೈಯಿಂದ ಮುಚ್ಚಬಹುದಿತ್ತು.

ಶನಿವಾರ

ಮಧ್ಯಾಹ್ನ ಮೂರು ಗಂಟೆಗೆ ಅಜ್ಜ ಮೊಮ್ಮಗಳು ಕಾಡಂಚಿನ ಮರದ ಅಟ್ಟಣೆಗೆ ಹೋದರು. ಚೈತ್ರ ಮತ್ತು ಬ್ರಯನ್ ಒಂದೊಂದು ಪುಸ್ತಕ ಹಿಡಿದು ಪುಟ ತಿರುಗಿಸದೆ ಕೂತಿದ್ದರು. ನಾನು ಉಪ್ಪಿಟ್ಟಿಗೆ ರವೆ ಹುರಿದೆ.

ಐದೂವರೆಗೆ ಒಂದು ಗುಂಡಿನ ಸದ್ದು ಕೇಳಿಸಿತು. ಸೌಟು ಹಿಡಿದು ನಿಂತೆ. ಒಂದರ ಹಿಂದೆ ಎರಡನೆಯದು ಬಂತೆಂದರೆ ಮೊದಲನೆಯದು ಕೆಟ್ಟಿತೆಂದು ಅರ್ಥ. ಒಂದು ನಿಮಿಷ ಕಾದೆ. ಐದು ನಿಮಿಷ ಕಾದೆ. ಒಗ್ಗರಣೆ ಸೀದಿತು. ಎರಡನೆಯ ಸದ್ದು ಬರಲಿಲ್ಲ.

ಮೀರಾ ಬೂಟು ಕಳಚದೆ ಒಳಗೆ ಬಂದಳು. “ಅಲ್ಲೇ ಬಿತ್ತು, ಅಜ್ಜಿ. ಓಡ್ಲಿಲ್ಲ. ಒಂದು ಸ್ಟೆಪ್ ಕೂಡ.” ಅಷ್ಟು ಹೇಳಿ ನನ್ನ ಸೀರೆಗೆ ಮುಖ ಒತ್ತಿ ಅತ್ತಳು. ಹಿಂದೆ ಬಂದ ವಾಲ್ಟರ್ ಅವಳಿಗೆ ಅಳಬೇಡ ಎನ್ನಲಿಲ್ಲ.

“ಒದೀತಾ?” ಎಂದೆ, ಸ್ವಲ್ಪ ಹೊತ್ತಾದ ಮೇಲೆ.

“ಗೊತ್ತೇ ಆಗ್ಲಿಲ್ಲ.”

ಸೀದ ಉಪ್ಪಿಟ್ಟನ್ನು ವಾಲ್ಟರ್ ಎರಡು ಸಲ ಹಾಕಿಸಿಕೊಂಡರು. ಬಹಳ ಚೆನ್ನಾಗಿದೆ ಎಂದರು. ಇದು ಬೀಗರ ಮಾತೇನೋ ಎಂದು ನನಗೆ ಅನುಮಾನ ಬಂತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ವಾಲ್ಟರ್ ಅಪ್ಪನ ಕೋವಿ ಇತ್ತು, ಮೀರಾಳದು ಇರಲಿಲ್ಲ. ವಾಲ್ಟರ್ ಎಂಟು ಗಂಟೆಗೆ ಅದನ್ನು ಹಿಡಿದು ಕಾಡಿನ ಕಡೆಯಿಂದ ಬಂದು, ದುರ್ಬೀನು ಸರಿಯಿದೆಯೇ ನೋಡುತ್ತಿದ್ದೆ ಎಂದರು. ನಾಣ್ಯವನ್ನು ಅವರು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಅಟ್ಲಾಂಟಾ

ನನ್ನ ವಿಮಾನ ಅಟ್ಲಾಂಟಾದಿಂದ, ವಾಲ್ಟರ್ ಮನೆಗೆ ಅದೇ ಹತ್ತಿರದ ದೊಡ್ಡ ನಿಲ್ದಾಣ. ಚೈತ್ರ ಮತ್ತು ಬ್ರಯನ್ ಸೂಟ್‌ಕೇಸ್ ತೂಕ ಮಾಡಿಸುವ ಸಾಲಿನಲ್ಲಿ ನಿಂತಿದ್ದರು. ಮೀರಾ, ನಾನು ಒಂದು ಬೆಂಚಿನ ಮೇಲೆ ಕೂತಿದ್ದೆವು. ಹುಬ್ಬಿನ ಪಟ್ಟಿ ತೆಗೆದಾಗಿತ್ತು. ಕೂದಲಿಲ್ಲದ ತೆಳು ಕೆಂಪು ಗೆರೆಯೊಂದು ಉಳಿದಿತ್ತು.

“ಅಜ್ಜಿ, ಫಸ್ಟ್ ಡೇ ನಾನ್ ಕಣ್ಣು ಮುಚ್ಚಿದ್ದು ನೀನ್ ನೋಡಿದ್ಯಾ?”

“ನೋಡ್ದೆ.”

“ದೆನ್ ವೈ ಡಿಡಂಟ್ ಯು ಸೇ?”

“ಅವರು ಬೀಗರು ಕಣೇ.”

“ಬೀಗರು ಅಂದ್ರೆ?”

“ನಿಮ್ಮಮ್ಮನ ಮಾವ. ಅವ್ರ ಮನೇಲಿ ನಾವು ತಪ್ಪು ತೋರಿಸ್ಬಾರ್ದು.”

ಅವಳು ಅರ್ಥ ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸುತ್ತಿದ್ದಳು.

“ಬಟ್ ಅಜ್ಜಿ, ಅದು ಗ್ರ್ಯಾನ್‌ಡ್ಯಾಡಿ ಅಷ್ಟೇ ಅಲ್ವಾ?”

ಅಪ್ಪನ ಉಪ್ಪಿನ ಕಾಫಿಯ ಕಥೆ ಹೇಳಬಹುದಿತ್ತು. ಆದರೆ ಕಾಫಿ ಕುಡಿದವರು ಅಪ್ಪನೇ. ನಾನು ನನ್ನ ಪಾಲಿನದನ್ನು ಈ ಮಗುವಿಗೆ ಕುಡಿಸಿದ್ದೆ.

“ತಪ್ಪಾಯ್ತು ಕಣೇ,” ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಕೆಡೆಟ್‌ಗೂ ಹೇಳದ ಮಾತು.

“ಓಕೆ. ನೆಕ್ಸ್ಟ್ ಟೈಮ್ ಆಗ್ಲೇ ಹೇಳು.” ಬೆರಳು ಎತ್ತಿ, ಥೇಟ್ ನನ್ನ ಹಾಗೇ ಹೇಳಿದಳು. “ಯಾರ ಮನೆ ಆದ್ರೂ.”

ನಾನು ಬೆನ್ನು ನೇರ ಮಾಡಿ ಕೂತೆ.

“ಯೆಸ್ ಮ್ಯಾಮ್,” ಎಂದೆ.